ಅಕ್ಕೋರನ್ನು ತರಗತಿಯಲ್ಲೇ ಇರಲು ಬಿಡಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಅಂಕೋಲೆಯಿಂದ ಬರೆಯುತ್ತಿದ್ದೇನೆ. ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಅಕ್ಕೋರಾಗಿ, ಅಂದರೆ ಶಿಕ್ಷಕಿಯಾಗಿ ಕಲಿಸುತ್ತ, ನಡುವೆ ಒಂದು ಅವಧಿ ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಆಗಿ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಶಾಲೆಗಳನ್ನು ಸುತ್ತಿ, ಈಗ ನಿವೃತ್ತಳಾಗಿ ಮನೆಯಲ್ಲಿರುವವಳು ನಾನು. ಕಟ್ಟಡ, ಕಾಂಪೌಂಡು, ಸ್ಮಾರ್ಟ್ ಕ್ಲಾಸು ಕೇಳುವ ಮನವಿಗಳು ತಮ್ಮ ಮೇಜಿನ ಮೇಲೆ ಬೇಕಾದಷ್ಟಿರುತ್ತವೆ. ನಾನು ಕೇಳುವುದು ಒಂದೇ. ಒಬ್ಬರೋ ಇಬ್ಬರೋ ಶಿಕ್ಷಕರಿರುವ ನಮ್ಮ ಶಾಲೆಗಳಲ್ಲಿ ಕಲಿಸುವ ಹೊತ್ತನ್ನು ಇಲಾಖೆಯೇ ತಿಂದುಹಾಕುತ್ತಿದೆ. ಅದನ್ನು ನಿಲ್ಲಿಸಿ.

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟರೆ ಉತ್ತರ ಕನ್ನಡವೇ ಎಂದಾಗ ಇಲ್ಲಿ ಎಲ್ಲರಿಗೂ ಖುಷಿಯಾಯಿತು. ನನಗೂ ಆಯಿತು. ಆದರೆ ಹತ್ತನೆಯಲ್ಲಿ ಪಾಸಾಗುವ ಹುಡುಗಿ ಓದಲು ಕಲಿಯುವುದು ಒಂದನೇ, ಎರಡನೇ ಇಯತ್ತೆಯಲ್ಲಿ. ಅಲ್ಲಿ ನಡೆಯುವುದು ಯಾವ ಸ್ಥಾನಪಟ್ಟಿಯಲ್ಲೂ ಕಾಣುವುದಿಲ್ಲ. ಕಂದಾಯದವರಿಗೆ ನಮ್ಮದು ಒಂದು ಜಿಲ್ಲೆ, ತಮ್ಮ ಇಲಾಖೆಗೆ ಕಾರವಾರ, ಶಿರಸಿ ಎಂದು ಎರಡು. ಕರಾವಳಿಯ ಐದು ತಾಲೂಕು ಇಲ್ಲಿ, ಘಟ್ಟದ ಮೇಲಿನವು ಅಲ್ಲಿ. ಎರಡೂ ಕಡೆ ಕಾಡಂಚಿನ ಊರು ಒಂದೆಡೆ ಕೂಡಿಕೊಂಡಿರುವುದಿಲ್ಲ. ತೋಟದ ಆಚೆ ನಾಲ್ಕು ಮನೆ, ಹೊಳೆಯ ಈಚೆ ಆರು ಮನೆ, ಮಧ್ಯೆ ಕಾಡು. ಊರು ಹೀಗಿದ್ದ ಮೇಲೆ ಶಾಲೆಯೂ ಸಣ್ಣದೇ. ಜೋಯಿಡಾದಲ್ಲಿ, ಸಿದ್ದಾಪುರದಲ್ಲಿ, ನಮ್ಮ ಅಂಕೋಲೆಯ ಘಟ್ಟದ ಬುಡದಲ್ಲಿ ಇದು ಹೊಸದೂ ಅಲ್ಲ, ಯಾರ ತಪ್ಪೂ ಅಲ್ಲ.

ಇಬ್ಬರು ಶಿಕ್ಷಕರ ಶಾಲೆಯಲ್ಲಿ ಒಬ್ಬರಿಗೆ ಒಂದರಿಂದ ಮೂರರವರೆಗಿನ ನಲಿ-ಕಲಿ. ಇನ್ನೊಬ್ಬರಿಗೆ ನಾಲ್ಕು, ಐದು, ಅದರ ಜೊತೆಗೆ ಪ್ರಭಾರ ಮುಖ್ಯಶಿಕ್ಷಕರ ಹೊರೆ. ನಲಿ-ಕಲಿ ಒಳ್ಳೆಯ ಪದ್ಧತಿ, ನಾನು ಅದರ ಪರವಾಗಿ ಎಲ್ಲಿ ಬೇಕಾದರೂ ವಾದಿಸುತ್ತೇನೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಶಿಕ್ಷಕರೇ ಕಟ್ಟಿದ ಪದ್ಧತಿ ಅದು. 2009-10ರಲ್ಲಿ ರಾಜ್ಯದ ಎಲ್ಲ ಕಡೆ ಬಂತು. ಅದರಲ್ಲಿ ಮಕ್ಕಳು ಇಯತ್ತೆಯ ಲೆಕ್ಕದಲ್ಲಿ ಕೂರುವುದಿಲ್ಲ, ಕಲಿಕಾ ಏಣಿಯ ಮೇಲೆ ತಾವು ಯಾವ ಮೆಟ್ಟಿಲಲ್ಲಿದ್ದಾರೋ ಆ ಲೆಕ್ಕದಲ್ಲಿ ಐದು ಗುಂಪಾಗಿ ಕೂರುತ್ತಾರೆ. ಮೊದಲ ಗುಂಪಿಗೆ ಶಿಕ್ಷಕರ ಪೂರ್ಣ ಬೆಂಬಲ ಬೇಕು, ಎರಡನೆಯದಕ್ಕೆ ಅರ್ಧ, ಆಮೇಲಿನ ಎರಡು ಸಹಪಾಠಿಗಳ ಬೆಂಬಲದಲ್ಲಿ ನಡೆಯುತ್ತವೆ, ಕೊನೆಯದು ಸ್ವಕಲಿಕೆ.

ಈಗ ಅಕ್ಕೋರು ಮೊದಲ ಗುಂಪಿನ ಜೊತೆ ಚಾಪೆಯ ಮೇಲೆ ಕೂತಿದ್ದಾರೆ ಎಂದುಕೊಳ್ಳಿ. ಮೊಬೈಲು ಗುಂಯ್ ಎನ್ನುತ್ತದೆ. 'ತುರ್ತು. 12 ಗಂಟೆಯೊಳಗೆ ಮಾಹಿತಿ ಸಲ್ಲಿಸುವುದು.' ಎಸ್‌ಎಟಿಎಸ್‌ನಲ್ಲಿ (ಮಕ್ಕಳ ಮಾಹಿತಿಯ ಸರ್ಕಾರಿ ಪೋರ್ಟಲ್) ಬಿಸಿಯೂಟದ ಹಾಜರಿ, ಹಾಲಿನ ಪುಡಿಯ ಶಿಲ್ಕು, ಮೊಟ್ಟೆ ತಿಂದವರೆಷ್ಟು ಬಾಳೆಹಣ್ಣು ತಿಂದವರೆಷ್ಟು, ಗ್ಯಾಸ್ ಬಿಲ್ಲು, ಶಾಲೆಗಳ ಅಂಕಿಅಂಶದ ಯು-ಡೈಸ್, ಪ್ರತಿ ಮಗುವಿನ ಅಪಾರ್ ಗುರುತಿನ ಸಂಖ್ಯೆ, ಆಧಾರಿನಲ್ಲಿ ಒಂದು ಸ್ಪೆಲ್ಲಿಂಗು ದಾಖಲಾತಿಯಲ್ಲಿ ಇನ್ನೊಂದು. ಅಕ್ಕೋರು ಎದ್ದು ಹೋಗುತ್ತಾರೆ. ಸ್ವಕಲಿಕೆಯ ಮಗುವಿಗೆ ಏನೂ ಆಗುವುದಿಲ್ಲ, ತನ್ನ ಕಾರ್ಡು ತಾನು ಮುಗಿಸಿಕೊಳ್ಳುತ್ತದೆ. ಸಹಪಾಠಿ ಗುಂಪು ಸ್ವಲ್ಪ ಗಲಾಟೆ ಮಾಡಿಕೊಂಡಾದರೂ ನಡೆಯುತ್ತದೆ. ನಿಂತುಬಿಡುವುದು ಮೊದಲ ಗುಂಪು. ಹೊಸ ಅಕ್ಷರ ಈಗಷ್ಟೇ ಕಾಣುತ್ತಿರುವ ಮಗು, ಮನೆಯಲ್ಲಿ ಓದಿಸುವವರಿಲ್ಲದ ಮಗು, ವಾರ ಬಿಟ್ಟು ಶಾಲೆಗೆ ಬಂದ ಮಗು, ಎಲ್ಲ ಕೂರುವುದು ಅಲ್ಲಿಯೇ. ಮೇಲಿನಿಂದ ಬಂದ ಪ್ರತಿಯೊಂದು 'ತುರ್ತು' ಶಾಲೆಯ ಎಲ್ಲ ಮಕ್ಕಳಿಂದ ಸಮನಾಗಿ ಹೊತ್ತು ಕಸಿಯುವುದಿಲ್ಲ, ಎಲ್ಲರಿಗಿಂತ ಹಿಂದಿರುವ ಮಗುವಿನಿಂದಲೇ ಕಸಿಯುತ್ತದೆ. ಈ ಪತ್ರದಲ್ಲಿ ಇದೊಂದು ಮಾತು ತಮ್ಮ ನೆನಪಿನಲ್ಲಿ ಉಳಿದರೂ ಸಾಕು.

ಹಾಲು, ಮೊಟ್ಟೆ ಬೇಡ ಎನ್ನುವವಳಲ್ಲ ನಾನು. ಬೆಳಗಿನ ಗಂಜಿಯೂ ಇಲ್ಲದೆ ಬರುವ ಮಕ್ಕಳನ್ನು ಕಂಡವಳು. ಕೊಡುವ ಕೆಲಸ ಶಾಲೆಯಲ್ಲೇ ಆಗಲಿ. ಲೆಕ್ಕ ಬರೆಯುವ ಕೈ ಮಾತ್ರ ಅಕ್ಕೋರದ್ದೇ ಆಗಬೇಕೆ?

ಕಾಯ್ದೆ ಏನು ಹೇಳುತ್ತದೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಓದಿದರೆ, ಐದನೆಯವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೆಯಬೇಕು. ಆರರಿಂದ ಎಂಟಕ್ಕೆ 220 ದಿನ, 1,000 ಗಂಟೆ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಶೌಚಾಲಯ ಎಷ್ಟು, ಕಾಂಪೌಂಡ್ ಇದೆಯೇ, ಕೈತೊಳೆಯುವ ನಲ್ಲಿ ಎಷ್ಟು ಎಂದು ಎಣಿಸುವ ನಮೂನೆಗಳನ್ನು ನಾನೇ ತುಂಬಿದ್ದೇನೆ, ತುಂಬಿಸಿದ್ದೇನೆ. ಆ 800 ಗಂಟೆಯಲ್ಲಿ ಎಷ್ಟು ನಿಜವಾಗಿ ಮಕ್ಕಳಿಗೆ ಸಿಕ್ಕಿತು ಎಂದು ಕೇಳುವ ಕಾಲಂ ಮಾತ್ರ ನನ್ನ ಕೈಗೆ ಬಂದ ಯಾವ ನಮೂನೆಯಲ್ಲೂ ಇರಲಿಲ್ಲ.

ಅದೇ ಕಾಯ್ದೆಯ 27ನೇ ಕಲಂ ಪ್ರಕಾರ ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. 2025ರ ದಸರೆಯಲ್ಲಿ ಏನಾಯಿತು ಎಂದು ರಾಜ್ಯವೇ ನೋಡಿದೆ. ಶಿಕ್ಷಕರು ಮನೆಮನೆಗೆ ಹೋಗಿ ಮಾಡುತ್ತಿದ್ದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿಯಲಿಲ್ಲವೆಂದು ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ, ಬೇಕು ಎನ್ನುವವಳೇ. ಆದರೆ ಅಷ್ಟು ದಿನ ಮುಚ್ಚಿದ್ದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಬಾಗಿಲು. ಖಾಸಗಿ ಶಾಲೆಯ ಹಳದಿ ಬಸ್ಸು ಅದೇ ರಸ್ತೆಯಲ್ಲಿ ಓಡುತ್ತಿತ್ತು. ಮರುವರ್ಷ ದಾಖಲಾತಿ ಯಾಕೆ ಇಳಿಯಿತು ಎಂದು ಅದೇ ಅಕ್ಕೋರಿಗೆ ನೋಟಿಸು ಕೊಡುವುದು ಯಾವ ನ್ಯಾಯ?

ಇನ್ನು ಯೋಜನೆಗಳು. ಓದು ಕರ್ನಾಟಕ, ಗಣಿತ ಕಲಿಕಾ ಆಂದೋಲನ, ಕಲಿಕಾ ಚೇತರಿಕೆ, ಮರುಸಿಂಚನ, ಈಗ ಪಾಠ ಆಧಾರಿತ ಮೌಲ್ಯಾಂಕನ. ಒಂದೊಂದರ ಹಿಂದೆಯೂ ಒಳ್ಳೆಯ ವಿಚಾರವಿದೆ, ಒಂದೊಂದಕ್ಕೂ ಅದರದೇ ದಾಖಲೆ ಪುಸ್ತಕವೂ ಇದೆ. ಹಳೆಯದರ ದಾಖಲೆ ಕಪಾಟಿನೊಳಗೆ ಹೋಗುವ ಮೊದಲೇ ಹೊಸದರ ತರಬೇತಿಗೆ ಕರೆ ಬರುತ್ತದೆ. ದಾಖಲೆ ಅಚ್ಚುಕಟ್ಟಾದರೆ ಕಲಿಕೆ ಅಚ್ಚುಕಟ್ಟಾಗುತ್ತದೆಯೇ? ಮಧ್ಯಪ್ರದೇಶದಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಲ್ಲಿ 'ಶಾಲಾ ಸಿದ್ಧಿ' ಎಂಬ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯನ್ನು ಮೌಲ್ಯಮಾಪನ ಮಾಡಿ, ಸುಧಾರಣಾ ಯೋಜನೆ ಬರೆಸಿ, ಅಧಿಕಾರಿಗಳು ಬಂದು ವಿಚಾರಿಸುವ ಏರ್ಪಾಡಿತ್ತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ಅಭಿಜೀತ್ ಸಿಂಗ್ ಅದರ ಪರಿಣಾಮ ಅಳೆದು 2020ರಲ್ಲಿ ಪ್ರಕಟಿಸಿದರು. ಮೌಲ್ಯಮಾಪನ ಆಗಿತ್ತು, ಯೋಜನೆಗಳನ್ನು ಬರೆದಿದ್ದರು. ತರಗತಿಯೊಳಗೆ ಶಿಕ್ಷಕರು ಮಾಡುವುದರಲ್ಲಿ ಬದಲಾವಣೆ ಇರಲಿಲ್ಲ, ಮಕ್ಕಳ ಕಲಿಕೆಯಲ್ಲೂ ಇರಲಿಲ್ಲ. ಅಷ್ಟರೊಳಗೆ ಅದೇ ಮಾದರಿ ದೇಶದ ಲಕ್ಷಾಂತರ ಶಾಲೆಗಳಿಗೆ ಹೊರಟಾಗಿತ್ತು. ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಎಸ್.ಡಿ.ಎಂ.ಸಿ., ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಕತೆಯೂ ಹೀಗೇ ಇದೆ. ನಮ್ಮ ರಾಜ್ಯ 2001ರಲ್ಲೇ, ಕೇಂದ್ರದ ಕಾಯ್ದೆಗಿಂತ ಎಷ್ಟೋ ಮೊದಲು, ಪಾಲಕರ ಕೈಗೆ ಶಾಲೆಯ ಉಸ್ತುವಾರಿ ಕೊಟ್ಟಿತು. ಅದು ಹೆಮ್ಮೆಯ ಮಾತು. ಆದರೆ ಬೆಳಗಿನ ಜಾವ ಬಂದರಿಗೆ ಹೋಗಿ ಮೀನು ತಂದು, ಬುಟ್ಟಿ ಹೊತ್ತು ಕೇರಿ ಕೇರಿ ತಿರುಗುವ ತಾಯಿಯನ್ನು ಹನ್ನೊಂದು ಗಂಟೆಯ ಸಭೆಗೆ ಕರೆದರೆ ಅವಳು ಹೇಗೆ ಬಂದಾಳು? ನಡವಳಿ ಪುಸ್ತಕ ಮನೆಗೆ ಹೋಗುತ್ತದೆ, ಸಹಿಯಾಗಿ ಬರುತ್ತದೆ. ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ತಂಡ ಗ್ರಾಮ ಶಿಕ್ಷಣ ಸಮಿತಿಗಳನ್ನು ನೋಡಿದಾಗ, ತಾವು ಸಮಿತಿಯಲ್ಲಿದ್ದೇವೆ ಎಂಬುದೇ ಎಷ್ಟೋ ಸದಸ್ಯರಿಗೆ ಗೊತ್ತಿರಲಿಲ್ಲ. ಸಭೆ ಕರೆದು ಹಕ್ಕುಗಳ ಬಗ್ಗೆ ತಿಳಿಹೇಳಿದರೂ ಶಾಲೆಯಲ್ಲಿ ಏನೂ ಬದಲಾಗಲಿಲ್ಲ. ಬದಲಾದದ್ದು ಎಲ್ಲೆಂದರೆ, ಊರಿನ ಹುಡುಗ ಹುಡುಗಿಯರಿಗೆ ಸ್ವಲ್ಪ ತರಬೇತಿ ಕೊಟ್ಟು ಓದಿಸುವ ಕೂಟ ನಡೆಸಿದಲ್ಲಿ. ಅಲ್ಲಿಗೆ ಬಂದ ಮಕ್ಕಳ ಓದು ಸುಧಾರಿಸಿತು. ಹಾಗಾಗಿ ನನ್ನ ಸಲಹೆ ಇಷ್ಟು: ಸಭೆಯನ್ನು ಸಂಜೆ ಇಡಿಸಿ. ಗ್ರಾಂಟು, ಸುಣ್ಣಬಣ್ಣದ ವಿಷಯ ಎತ್ತುವ ಮೊದಲು ಮೂವರು ಮಕ್ಕಳು ಎದ್ದು ನಿಂತು ನಾಲ್ಕು ಸಾಲು ಓದಲಿ. ಅಕ್ಷರ ಬಾರದ ತಾಯಿಗೂ ಮಗು ತಡವರಿಸುವುದು ಕೇಳಿಸುತ್ತದೆ. ಆಮೇಲೆ ಅವಳು ಕೇಳುವ ಪ್ರಶ್ನೆ ಯಾವ ನಮೂನೆಯಲ್ಲೂ ಇರುವುದಿಲ್ಲ.

ಸಣ್ಣ ಶಾಲೆಗಳನ್ನು ಒಟ್ಟುಮಾಡಿ ದೊಡ್ಡ ಕರ್ನಾಟಕ ಪಬ್ಲಿಕ್ ಶಾಲೆಗೆ ಸೇರಿಸುವುದೇ ಪರಿಹಾರ ಎನ್ನುವವರು ಇದ್ದಾರೆ. ಬಯಲುಸೀಮೆಯಲ್ಲಿ ಹೇಗೋ ಗೊತ್ತಿಲ್ಲ. ಆಷಾಢದಲ್ಲಿ ಕಾಲುಸಂಕದ ಮೇಲೆ ನೀರು ಹರಿಯುವ ಹಳ್ಳದಾಚೆಯ ಮಗುವಿಗೆ ಬಸ್ಸು ಎಲ್ಲಿಂದ ಬರಬೇಕು? 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯೇ ಮುಚ್ಚಿಹೋಯಿತು. ಮುಂದಿನ ತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಹೆದ್ದಾರಿಯದೇ ಈ ಗತಿಯಾದರೆ ಊರೊಳಗಿನ ದಾರಿಯ ಮಾತು ಬೇಡ. ಐದನೆಯವರೆಗಿನ ಶಾಲೆ ಒಂದು ಕಿಲೋಮೀಟರಿನೊಳಗೆ ಇರಬೇಕು ಎಂದು ನಿಯಮ ಬರೆದವರಿಗೆ ಇಂಥ ಊರುಗಳ ಕಲ್ಪನೆ ಇತ್ತು ಎಂದು ನಾನು ನಂಬಿದ್ದೇನೆ.

ಸಣ್ಣ ಶಾಲೆ ಕೆಟ್ಟ ಶಾಲೆಯಾಗಲೇಬೇಕೆಂದಿಲ್ಲ. ಕೊಲಂಬಿಯಾ ದೇಶದ ಗುಡ್ಡಗಾಡಿನಲ್ಲಿ 1970ರ ದಶಕದಿಂದ 'ಎಸ್ಕುಯೆಲಾ ನುಯೆವಾ' ಎಂಬ ಪದ್ಧತಿ ನಡೆದುಬಂದಿದೆ. ವಿಕಿ ಕೋಲ್ಬರ್ಟ್ ಮತ್ತು ಅವರ ಜೊತೆಗಾರರು ಒಬ್ಬಿಬ್ಬರು ಶಿಕ್ಷಕರ ಹಳ್ಳಿ ಶಾಲೆಗಳಿಗೆಂದೇ ಕಟ್ಟಿದ್ದು. ಮಕ್ಕಳು ತಮ್ಮ ವೇಗಕ್ಕೆ ತಕ್ಕಂತೆ ಮಾರ್ಗದರ್ಶಿ ಪುಸ್ತಕ ಹಿಡಿದು ಕಲಿಯುತ್ತಾರೆ, ಅಂದರೆ ನಮ್ಮ ನಲಿ-ಕಲಿಗೆ ದೂರದ ಅಕ್ಕ. ಅಲ್ಲಿನ ಶಿಕ್ಷಕರು ಆಗಾಗ ಸೇರಿ ಒಬ್ಬರ ಪಾಠ ಇನ್ನೊಬ್ಬರು ನೋಡುವ ಸಣ್ಣ ಕೂಟಗಳೇ ಅದರ ಬೆನ್ನೆಲುಬು. ಸರ್ಕಾರ ಅದನ್ನು ಒಮ್ಮೆಲೇ ಸಾವಿರಾರು ಶಾಲೆಗಳಿಗೆ ಹಬ್ಬಿಸಿದಾಗ ತರಬೇತಿ, ಸಾಮಗ್ರಿ, ಕೂಟ ಹಿಂದೆ ಬಿದ್ದವು, ಫಲವೂ ತೆಳುವಾಯಿತು. ನಮ್ಮಲ್ಲಿ ನಲಿ-ಕಲಿ ಕಾರ್ಡುಗಳು ಬಂದವು, ಮಕ್ಕಳು ಮಾಡಿದ್ದನ್ನು ತೂಗುಹಾಕಲು ತರಗತಿಯಲ್ಲಿ ಚಪ್ಪರ ಕಟ್ಟಿದೆವು. ಜೊತೆಗೆ ಕೂತು ನೋಡುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾದರು.

ಆ ಕೆಲಸಕ್ಕೆಂದೇ ಇರುವುದು ಸಿ.ಆರ್.ಪಿ. ಆದರೆ ಸಿ.ಆರ್.ಪಿ. ಇವತ್ತು ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅಂಚೆಯಣ್ಣ. ಮಾಹಿತಿ ಕೇಳುವುದು, ಒಟ್ಟು ಮಾಡುವುದು, ಮೇಲೆ ಕಳಿಸುವುದು, ಬಾರದಿದ್ದರೆ ಜ್ಞಾಪನ ಕೊಡುವುದು. ಶಾಲೆಗೆ ಬಂದರೂ ಭೇಟಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಫೋಟೋ ತೆಗೆದು ಹೊರಡಬೇಕು, ಮುಂದಿನ ಶಾಲೆ ಕಾಯುತ್ತಿರುತ್ತದೆ. ಅವರನ್ನು ಆ ಕೆಲಸದಿಂದ ಬಿಡಿಸಿ. ಒಂದು ಶಾಲೆಗೆ ಬಂದರೆ ಇಡೀ ದಿನ ಇರಲಿ, ಒಂದು ಪಾಠ ತಾವೇ ಮಾಡಿ ತೋರಿಸಲಿ, ಒಂದು ಪಾಠ ನೋಡಲಿ, ಮಧ್ಯಾಹ್ನ ಊಟದ ಮೇಲೆ ಇಬ್ಬರೂ ಕೂತು ಮಾತಾಡಲಿ. ಕುಮಟಾದ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಅವರಿಗೆ ಕೊಡಬೇಕಾದ ತರಬೇತಿಯೂ ಇದೇ. ಹೊಸ ಶಿಕ್ಷಕರಿಗೆ ಇಂಥ ಒಂದು ದಿನ ಕೊಡುವುದನ್ನು ಐದು ದಿನದ ಪಿಪಿಟಿ ಕೊಡುವುದಿಲ್ಲ.

ಭಾಷೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕಾರವಾರದ ಕಡೆ ಮಗು ಕೊಂಕಣಿ ಆಡುತ್ತ ಬರುತ್ತದೆ, ಭಟ್ಕಳದಲ್ಲಿ ನವಾಯತಿ, ಯಲ್ಲಾಪುರ ಹಳಿಯಾಳದ ಸಿದ್ದಿಗಳ ಮನೆಯಲ್ಲಿ ಅವರದೇ ಕೊಂಕಣಿ, ನಮ್ಮಲ್ಲಿ ಹಾಲಕ್ಕಿ ಮಕ್ಕಳ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಒಂದು ಹೊಳೆಯಷ್ಟು ದೂರ. 1990ರ ದಶಕದಲ್ಲಿ ಪಶ್ಚಿಮ ಕೀನ್ಯಾದ ಶಾಲೆಗಳಿಗೆ ಉಚಿತ ಪಠ್ಯಪುಸ್ತಕ ಕೊಟ್ಟು ಪರಿಣಾಮ ನೋಡಿದ್ದರು. ಮುಂದೆ 2019ರಲ್ಲಿ ನೊಬೆಲ್ ಪಡೆದ ಮೈಕೆಲ್ ಕ್ರೆಮರ್ ಆ ತಂಡದಲ್ಲಿದ್ದರು. ಲಾಭವಾದದ್ದು ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ, ಎಷ್ಟೋ ಮಕ್ಕಳಿಗೆ ಅದು ಮೂರನೇ ಭಾಷೆ. ಇಲ್ಲಿಯ ಅಕ್ಕೋರು ಮೊದಲ ಆರು ತಿಂಗಳು ಮಗುವಿನ ಮಾತಿನಲ್ಲೇ ಮಾತಾಡಿಸಿ ಕನ್ನಡಕ್ಕೆ ಕರೆತಂದರೆ ಯಾವ ಅಧಿಕಾರಿಯೂ ಹುಬ್ಬೇರಿಸಬಾರದು ಎಂದು ಒಂದು ಸುತ್ತೋಲೆ ಬಂದರೆ ಉಪಕಾರ. ಸುತ್ತೋಲೆಗಳ ಮೇಲೆ ಇಷ್ಟೆಲ್ಲ ದೂರಿ ನಾನೇ ಒಂದನ್ನು ಕೇಳುತ್ತಿದ್ದೇನೆ, ಇರಲಿ.

ಕೊನೆಗೆ, ಖರ್ಚಿನ ಎರಡು ಬೇಡಿಕೆ. ಪ್ರತಿ ಕ್ಲಸ್ಟರಿಗೆ ಒಬ್ಬ ಮಾಹಿತಿ ಸಹಾಯಕರನ್ನು ಕೊಡಿ. ವಾರಕ್ಕೊಮ್ಮೆ ಪ್ರತಿ ಸಣ್ಣ ಶಾಲೆಗೂ ಬಂದು ರಿಜಿಸ್ಟರ್ ನೋಡಿ ಎಲ್ಲ ಪೋರ್ಟಲ್‌ಗಳನ್ನು ಅವರೇ ತುಂಬಲಿ. ಇನ್ನೊಂದು, ಕ್ಲಸ್ಟರಿಗೆ ಒಬ್ಬ ಮೀಸಲು ಶಿಕ್ಷಕರು. ಏಕೋಪಾಧ್ಯಾಯ ಶಾಲೆಯ ಅಕ್ಕೋರು ಹೆರಿಗೆ ರಜೆ ಹಾಕಿದರೆ, ಜ್ವರ ಬಂದು ಮಲಗಿದರೆ, ಈಗ ಪಕ್ಕದ ಎರಡು ಶಿಕ್ಷಕರ ಶಾಲೆಯಿಂದ ಒಬ್ಬರನ್ನು ನಿಯೋಜನೆ ಮೇಲೆ ಎಳೆಯುತ್ತಾರೆ. ಅಲ್ಲಿಗೆ ಎರಡೂ ಏಕೋಪಾಧ್ಯಾಯ ಶಾಲೆ. ಅತಿಥಿ ಶಿಕ್ಷಕರ ನೇಮಕದ ಆದೇಶ ಬರುವ ಹೊತ್ತಿಗೆ ಕಾರಹುಣ್ಣಿಮೆ ದಾಟಿರುತ್ತದೆ, ಬಂದವರಿಗೆ ಗೌರವಧನ ಸಿಗುವುದು ಯಾವಾಗಲೋ.

ಮೇ ಕೊನೆಗೆ ಶಾಲೆ ಶುರುವಾಗುವ ಮೊದಲು ಈ ಬಗ್ಗೆ ಆದೇಶವಾಗಲಿ ಎಂದು ಕೋರುತ್ತೇನೆ. ಖರ್ಚಿಲ್ಲದ ಇನ್ನೊಂದು ಆದೇಶವೂ ಅದರ ಜೊತೆಗಿರಲಿ: ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯವರೆಗೆ ಇಲಾಖೆಯ ಯಾವ ವಾಟ್ಸಾಪ್ ಗುಂಪಿನಲ್ಲೂ ಮಾಹಿತಿ ಕೇಳಬಾರದು. ಆ ಆದೇಶವನ್ನು ಗುಂಪಿಗೆ ಹಾಕುವವರಿಗೂ ನಾಲ್ಕೂವರೆಯ ಮೇಲೆಯೇ ಹಾಕಲು ಹೇಳಿ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಕ್ಕೋರು
ಅಂಕೋಲಾ, ಉತ್ತರ ಕನ್ನಡ