ಕಂಬಿ ಹಿಡಿದು ಮಾಡುವ ವ್ಯಾಯಾಮದ ಬಗ್ಗೆ

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು, ಪೇಟೆಯ ಹೆಂಗಸರು ಈಗ ದುಡ್ಡು ಕೊಟ್ಟು ಕಂಬಿ ಹಿಡಿದು ನಿಂತುಕೊಳ್ಳಲು ಹೋಗುತ್ತಿದ್ದಾರೆ, ಅದಕ್ಕೆ ವ್ಯಾಯಾಮವೆಂಬ ಹೆಸರು ಬೇರೆ ಕೇಡು ಎಂದು ಬರೆದಿದ್ದರು. ಅವರು ಹೇಳಿದ್ದು ‘ಬಾರ್’ ಎಂದು ಕರೆಯಲಾಗುವ ವ್ಯಾಯಾಮ ತರಗತಿಗಳ ಕುರಿತು. ಕೇರಳದ ಸರಕಾರಿ ಶಾಲೆಗಳ ನಿಯಮದಂತೆ 56 ತುಂಬಿದಾಗ ನಿವೃತ್ತಳಾದ ಕನ್ನಡ ಶಿಕ್ಷಕಿ ನಾನು. ಬೆಂಗಳೂರಿನ ಮಗಳ ಮನೆಯಲ್ಲಿದ್ದ ಮೂರು ತಿಂಗಳು, ಆಮೇಲೆ ಊರಿಗೆ ಮರಳಿ ಏಳು ತಿಂಗಳು ಇಂಥ ತರಗತಿಗಳಿಗೆ ಹೋಗಿದ್ದೇನೆ. ಆ ಓದುಗರ ಮಾತನ್ನು ಒಪ್ಪಲಾರೆ. ಈ ತರಗತಿಗಳನ್ನು ನಡೆಸುವವರು ಹಂಚುವ ಕರಪತ್ರಗಳ ಮಾತನ್ನೂ ಪೂರ್ತಿಯಾಗಿ ಒಪ್ಪಲಾರೆ. ಈ ವ್ಯಾಯಾಮ ಕಷ್ಟದ್ದೇ ಎಂಬುದು ಒಂದು ಪ್ರಶ್ನೆ, ದೇಹಕ್ಕೆ ಇದೊಂದೇ ಸಾಕೇ ಎಂಬುದು ಇನ್ನೊಂದು ಪ್ರಶ್ನೆ. ಹಳಿಯುವವರೂ ಹೊಗಳುವವರೂ ಇವೆರಡನ್ನು ಕಲಸಿಬಿಟ್ಟಿದ್ದಾರೆ ಎಂದು ನನಗೆ ಅನ್ನಿಸಿದ್ದರಿಂದ ಈ ಪತ್ರ.

ಬ್ಯಾಲೆ ನರ್ತಕರು ಅಭ್ಯಾಸದ ವೇಳೆ ಕೈಯೂರಿಕೊಳ್ಳಲು ಗೋಡೆಯ ಪಕ್ಕದಲ್ಲಿ ಸೊಂಟದ ಎತ್ತರಕ್ಕೆ ಇರಿಸಿದ ಅಡ್ಡಕಂಬಿಯೇ ಬಾರ್. ಅದನ್ನು ಸಾಮಾನ್ಯರ ವ್ಯಾಯಾಮಕ್ಕೆ ತಂದವರು ಲಾಟೆ ಬರ್ಕ್. 1913ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈ ನರ್ತಕಿ ನಾತ್ಸಿಗಳ ಆಳ್ವಿಕೆಯಲ್ಲಿ ದೇಶ ಬಿಟ್ಟು ಲಂಡನ್ ಸೇರಿದರು. ಬೆನ್ನಿಗೆ ಪೆಟ್ಟಾದ ಮೇಲೆ ತಾನು ಕಲಿತಿದ್ದ ಬ್ಯಾಲೆಯ ಕಂಬಿ ಅಭ್ಯಾಸವನ್ನೂ ಚೇತರಿಕೆಗಾಗಿ ಮಾಡುತ್ತಿದ್ದ ವ್ಯಾಯಾಮಗಳನ್ನೂ ಜೋಡಿಸಿ, 1959ರಲ್ಲಿ ಮ್ಯಾಂಚೆಸ್ಟರ್ ಸ್ಟ್ರೀಟ್‌ನ ಒಂದು ನೆಲಮಾಳಿಗೆಯಲ್ಲಿ ಕಲಿಸತೊಡಗಿದರು. ಅವರಿಂದ ಕಲಿತ ಲಿಡಿಯಾ ಬಾಕ್ 1971ರಲ್ಲಿ ಅದನ್ನು ನ್ಯೂಯಾರ್ಕಿಗೆ ಒಯ್ದರು. ಇಂದು ನಮ್ಮ ಪೇಟೆಗಳವರೆಗೆ ಬಂದಿರುವುದು ಆ ಬೇರಿನ ಚಿಗುರುಗಳೇ. ಹಾಗಾಗಿ ಇದನ್ನು ನಿನ್ನೆ ಮೊನ್ನೆ ಹುಟ್ಟಿದ ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ; ಪೆಟ್ಟಾದ ಬೆನ್ನೊಂದರ ಅಗತ್ಯದಿಂದ ಹುಟ್ಟಿದ್ದು ಇದು.

ಇನ್ನು ಕಷ್ಟದ ವಿಷಯ. ಮೊದಲ ದಿನ ನಮ್ಮನ್ನು ಕಂಬಿ ಹಿಡಿದು ನಿಲ್ಲಿಸಿ, ಹಿಮ್ಮಡಿ ಎತ್ತಿಸಿ, ಮಂಡಿಯನ್ನು ಅರ್ಧ ಮಡಚಿಸಿ, ಅಲ್ಲಿಂದ ಒಂದೇ ಒಂದು ಅಂಗುಲ ಕೆಳಗೆ, ಒಂದು ಅಂಗುಲ ಮೇಲೆ ಎಂದು ಮೂವತ್ತು ನಲವತ್ತು ಸಲ ಚಲಿಸಲು ಹೇಳಿದರು. ನೋಡುವವರಿಗೆ ನಾವು ಸುಮ್ಮನೆ ನಿಂತ ಹಾಗೆಯೇ ಕಾಣಿಸುತ್ತಿದ್ದೆವು. ಇಪ್ಪತ್ತರ ಎಣಿಕೆ ದಾಟುವಾಗ ನನ್ನ ತೊಡೆಗಳು ಹಿಡಿತ ತಪ್ಪಿ ಗಡಗಡ ನಡುಗಿದವು. ಎಣಿಕೆ ಮುಗಿದು ಕೆಳಗಿಳಿಯುವಾಗ ಕಂಬಿ ಇಲ್ಲದಿದ್ದರೆ ಬೀಳುತ್ತಿದ್ದೆ. ಊರಿಗೆ ಬಂದ ಮೇಲೆ, ನಮ್ಮ ನೆರೆಮನೆಯ ತೋಟದಲ್ಲಿ ದಿನವಿಡೀ ಅಡಿಕೆ ಹೆಕ್ಕಿ ಗೋಣಿ ಹೊತ್ತು ಗುಡ್ಡ ಹತ್ತುವ ಹೆಂಗಸೊಬ್ಬರಿಗೆ ನಮ್ಮ ಜಗಲಿಯ ದಳಿ (ಅಂಚಿನ ಕಟಕಟೆ) ಹಿಡಿಸಿ ಇದನ್ನೇ ಮಾಡಿಸಿ ನೋಡಿದೆ. ಕಾಲಿನ ಬಲದಲ್ಲಿ ಅವರ ಮುಂದೆ ನಾನು ಏನೂ ಅಲ್ಲ. ಆದರೂ ಮೂವತ್ತರ ಎಣಿಕೆಗೆ ಅವರ ತೊಡೆಯೂ ನಡುಗಿತು.

ಈ ನಡುಕಕ್ಕೆ ಕಾರಣವಿದೆ. ನಾವು ನಡೆಯುವಾಗ, ಹತ್ತುವಾಗ ಸ್ನಾಯು ಒಮ್ಮೆ ಬಿಗಿದು ಒಮ್ಮೆ ಸಡಿಲಗೊಳ್ಳುತ್ತದೆ. ಆ ಸಡಿಲಿನಲ್ಲಿ ಅದಕ್ಕೆ ರಕ್ತವೂ ವಿಶ್ರಾಂತಿಯೂ ಸಿಗುತ್ತವೆ. ಒಂದೇ ಭಂಗಿಯಲ್ಲಿ ಬಿಗಿದು ಹಿಡಿದಾಗ ಆ ಬಿಡುವು ಸಿಗುವುದಿಲ್ಲ. ಕೆಲಸದಲ್ಲಿದ್ದ ಸ್ನಾಯುತಂತುಗಳು ದಣಿಯುತ್ತಾ ಬಂದಂತೆ ನರಮಂಡಲ ಹೊಸ ತಂತುಗಳನ್ನು ಕೆಲಸಕ್ಕೆ ಕರೆಯುತ್ತದೆ, ದಣಿದವು ಹಿಂದೆ ಸರಿಯುತ್ತವೆ, ಈ ಅದಲುಬದಲು ಒಂದೇ ಸಮನೆ ನಡೆಯದೆ ಜರ್ಕು ಜರ್ಕಾಗಿ ನಡೆಯುವುದರಿಂದ ಕಾಲು ನಡುಗುತ್ತದೆ. ಭರತನಾಟ್ಯ ಕಲಿತ ನಮ್ಮೂರಿನ ಹೆಣ್ಣುಮಕ್ಕಳಿಗೆ ಇದು ಹೊಸತಲ್ಲ. ಪಾದಗಳನ್ನು ಹೊರಕ್ಕೆ ತಿರುಗಿಸಿ, ಮಂಡಿಗಳನ್ನು ಎರಡೂ ಬದಿಗೆ ತೆರೆದು, ಬೆನ್ನು ನೆಟ್ಟಗೆ ಇಟ್ಟು ಅರೆಮಂಡಿಯಲ್ಲಿ ಕುಳಿತವರೆಲ್ಲ ಬ್ಯಾಲೆಯ ‘ಪ್ಲಿಯೆ’ಯನ್ನು ಬೇರೆ ಹೆಸರಿನಲ್ಲಿ ಬಲ್ಲವರೇ. ಅರೆಮಂಡಿಯಲ್ಲಿ ಒಂದು ಅಡವನ್ನು, ಅಂದರೆ ಮೂಲ ಹೆಜ್ಜೆಯನ್ನು, ಮೂರು ಕಾಲದಲ್ಲಿ (ಮೂರು ವೇಗದಲ್ಲಿ) ಮಾಡಿ ಮುಗಿಸಿದ ಮಗುವಿನ ಮುಂದೆ, ನಿಂತುಕೊಳ್ಳುವುದೂ ಒಂದು ವ್ಯಾಯಾಮವೇ ಎಂದು ಕೇಳುವ ಧೈರ್ಯ ಆ ಓದುಗರಿಗೂ ಬರಲಾರದು.

ಆದರೆ ಕಾಲು ನಡುಗಿತು ಎಂದ ಮಾತ್ರಕ್ಕೆ ದೇಹಕ್ಕೆ ಬೇಕಾದದ್ದೆಲ್ಲ ಸಿಕ್ಕಿತು ಎಂದಲ್ಲ. ಕರಪತ್ರಗಳು ಮುಚ್ಚಿಡುವುದು ಇಲ್ಲಿಯೇ. ಬ್ಯಾಲೆಯ ಪೂರ್ಣ ಪಾಠದಲ್ಲಿ ಕಂಬಿಯ ಅಭ್ಯಾಸ ಮೊದಲ ಭಾಗ ಮಾತ್ರ. ಮೈ ಬಿಸಿಯಾದ ಮೇಲೆ ನರ್ತಕರು ಕಂಬಿ ಬಿಟ್ಟು ನಡುಕೋಣೆಗೆ ಬರುತ್ತಾರೆ, ಅಲ್ಲಿ ತಿರುಗುತ್ತಾರೆ, ಹಾರುತ್ತಾರೆ, ಏದುಸಿರು ಬರುವುದು ಆಗ. ನಮ್ಮ ತೆಂಕುತಿಟ್ಟಿನ ಯಕ್ಷಗಾನವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಜ್ಜೆ ಕಲಿಯುವ ಹುಡುಗ ತಾಳಕ್ಕೆ ಸರಿಯಾಗಿ ನಿಲ್ಲಲು ಕಲಿಯುವುದು ಬೇರೆ, ಯುವವೀರನ ಪುಂಡುವೇಷ ಕಟ್ಟಿ ಚೆಂಡೆಯ ಪೆಟ್ಟಿಗೆ ಸಾಲು ಸಾಲಾಗಿ ದಿಗಿಣ (ಸುತ್ತುತ್ತಾ ನೆಗೆಯುವ ಹೆಜ್ಜೆ) ಹಾರುವುದು ಬೇರೆ. ಮೊದಲನೆಯದು ಕಾಲನ್ನು ಪರೀಕ್ಷಿಸುತ್ತದೆ, ಎರಡನೆಯದು ಎದೆಯನ್ನು. ಬಾರ್ ತರಗತಿಗಳು ಬ್ಯಾಲೆಯಿಂದ ಮೊದಲ ಭಾಗವನ್ನು ಎತ್ತಿಕೊಂಡು ಎರಡನೆಯ ಭಾಗವನ್ನು ಬಿಟ್ಟಿವೆ. ಮಂಡಿನೋವಿನವರಿಗೂ ಬೆನ್ನುನೋವಿನವರಿಗೂ ಅದರಿಂದ ಅನುಕೂಲವೇ ಆಗಿದೆ, ನಿಜ. ಆದರೆ ಐವತ್ತು ನಿಮಿಷಗಳ ತರಗತಿಯ ಹೆಚ್ಚಿನ ಹೊತ್ತು ನಾನು ಪಕ್ಕದವರ ಜತೆ ಸರಾಗವಾಗಿ ಮಾತನಾಡಬಲ್ಲೆ. ಮಾತನಾಡಬಹುದು ಆದರೆ ಹಾಡು ಹೇಳಲಾಗದು ಎನ್ನುವಷ್ಟು ಉಸಿರು ಏರಿದರೆ ಅದು ಮಧ್ಯಮ ಶ್ರಮ ಎಂಬ ಸರಳ ಅಳತೆಯಿದೆ. ಆ ಅಳತೆಯಲ್ಲಿ ನಮ್ಮ ತರಗತಿಯ ಕೆಲವೇ ನಿಮಿಷಗಳು ಲೆಕ್ಕಕ್ಕೆ ಸಿಗುತ್ತವೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು, ಅದರ ಜತೆಗೆ ಎರಡು ದಿನವಾದರೂ ದೊಡ್ಡ ಸ್ನಾಯುಗಳನ್ನೆಲ್ಲ ಬಲಪಡಿಸುವ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿದೆ. ಬಾರ್ ತರಗತಿಯನ್ನು ಎರಡನೆಯ ಪಟ್ಟಿಗೆ ಸ್ವಲ್ಪಮಟ್ಟಿಗೆ ಸೇರಿಸಬಹುದು. ಮೊದಲನೆಯದಕ್ಕೆ ಬಿರುಸಾಗಿ ನಡೆಯಲೇಬೇಕು. ಮನೆಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ನಮ್ಮ ಜಿಲ್ಲೆಯಲ್ಲಿ ಈ ವ್ಯತ್ಯಾಸವನ್ನು ಹೇಳದೆ ಬಿಡುವುದು ಸಣ್ಣ ತಪ್ಪಲ್ಲ.

ಸ್ನಾಯುಬಲದ ಲೆಕ್ಕದಲ್ಲೂ ‘ಸ್ವಲ್ಪಮಟ್ಟಿಗೆ’ ಎಂದು ಬೇಕೆಂದೇ ಬರೆದಿದ್ದೇನೆ. ಕಿರಿದಾದ ಚಲನೆಯನ್ನು ಹಲವು ಸಲ ಮಾಡುವುದರಿಂದ ಬೆಳೆಯುವುದು ತಾಳಿಕೊಳ್ಳುವ ಶಕ್ತಿ. ಭಾರ ಎತ್ತುವ ಶಕ್ತಿ ಬೆಳೆಯಬೇಕಾದರೆ ಭಾರವನ್ನೇ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ ಹೋಗಬೇಕು. ನಮ್ಮ ಕೈಗೆ ಕೊಡುವ ಡಂಬೆಲ್ ಒಂದು ಕಿಲೋ, ಹೆಚ್ಚೆಂದರೆ ಒಂದೂವರೆ. ಹತ್ತು ತಿಂಗಳಾದರೂ ಅದು ಬದಲಾಗಿಲ್ಲ. ಮನೆಗೆ ಬಂದ ಸಿಲಿಂಡರಿನಲ್ಲಿ ಅನಿಲವೊಂದೇ 14.2 ಕಿಲೋ, ಉಕ್ಕಿನ ತೂಕ ಸೇರಿದರೆ ಅದರ ಇಮ್ಮಡಿ. ಅದನ್ನು ಗೇಟಿನಿಂದ ಅಡುಗೆಮನೆಗೆ ಸರಿಸಬೇಕಾದ ಹೆಂಗಸಿನ ಸೊಂಟ ಮತ್ತು ತೋಳನ್ನು ಒಂದು ಕಿಲೋದ ಡಂಬೆಲ್ ಸಿದ್ಧಗೊಳಿಸಲಾರದು. ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಹೆಂಗಸರ ಎಲುಬು ಬೇಗಬೇಗನೆ ಸಾಂದ್ರತೆ ಕಳೆದುಕೊಳ್ಳುತ್ತದೆ. ಎಲುಬು ಗಟ್ಟಿಯಾಗಲು ಬೇಕಾದದ್ದು ಭಾರ ಮತ್ತು ನೆಲದ ಹೊಡೆತ. ಕಂಬಿಯ ಬಳಿ ಅವೆರಡೂ ಕಡಿಮೆ. ನನ್ನ ವಯಸ್ಸಿನವರಿಗೆ ಇದನ್ನು ಯಾರೂ ಹೇಳಲಿಲ್ಲವೆಂಬ ಬೇಸರ ನನಗಿದೆ.

ಇನ್ನೊಂದು ಮಾತು, ಉದ್ದನೆಯ ತೆಳ್ಳನೆಯ ಸ್ನಾಯು ಬೆಳೆಯುತ್ತದೆ ಎಂಬ ಭರವಸೆ. ಇದು ಶುದ್ಧ ಸುಳ್ಳು. ಸ್ನಾಯು ಎಲುಬಿನಲ್ಲಿ ಎಲ್ಲಿಂದ ಎಲ್ಲಿಗೆ ಅಂಟಿಕೊಂಡಿದೆ ಎಂಬುದು ಹುಟ್ಟಿನಿಂದ ನಿಶ್ಚಯವಾದದ್ದು, ಯಾವ ತರಗತಿಯೂ ಅದನ್ನು ಎಳೆದು ಉದ್ದ ಮಾಡಲಾರದು. ತೊಡೆಯ ವ್ಯಾಯಾಮ ಮಾಡಿದರೆ ತೊಡೆಯ ಕೊಬ್ಬು ಮಾತ್ರ ಕರಗುತ್ತದೆ ಎಂಬುದೂ ಹಾಗೆಯೇ.

ಇಷ್ಟೆಲ್ಲ ಬರೆದ ಮೇಲೂ ನಾನು ಈ ತರಗತಿಯನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆಷಾಢದ ಮಳೆಯಲ್ಲಿ ಅಂಗಳವೆಲ್ಲ ಪಾಚಿಗಟ್ಟಿ, ಮುರಕಲ್ಲಿನ ಮೆಟ್ಟಿಲು ಜಾರುವಾಗ, ಸೋಗೆ ಹಾಸಿದರೂ ಕಾಲಿಡಲು ಹೆದರುವ ಹಿರಿಯರು ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಪ್ರತಿಯೊಂದು ಮನೆಯಲ್ಲೂ ಇದ್ದಾರೆ. ಬಿದ್ದು ಸೊಂಟದ ಎಲುಬು ಮುರಿದವರು ಮತ್ತೆ ಮೊದಲಿನಂತೆ ಎದ್ದು ಓಡಾಡುವುದು ಎಷ್ಟು ಕಷ್ಟವೆಂದು ನಮ್ಮ ಮನೆಯಲ್ಲೇ ನೋಡಿದ್ದೇನೆ. ಹಿಮ್ಮಡಿ ಎತ್ತಿ ಕಾಲ್ಬೆರಳ ಮೇಲೆ ನಿಲ್ಲುವುದು, ಒಂದು ಕಾಲಲ್ಲಿ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುವುದು ಮುಂತಾದವು ಕಣಕಾಲಿಗೂ ಸೊಂಟದ ಬದಿಯ ಸ್ನಾಯುಗಳಿಗೂ ಕೊಡುವ ತರಬೇತಿ ಬರಿಯ ನಡಿಗೆಯಿಂದ ಸಿಗುವಂಥದ್ದಲ್ಲ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನದ ಅಭ್ಯಾಸ ಮಾಡಬೇಕೆಂದು ಮೇಲೆ ಹೇಳಿದ ಸಲಹೆಯಲ್ಲೇ ಇದೆ. ಅದಕ್ಕೆ ಕೈಯೂರಲು ಒಂದು ಕಂಬಿ ಇರುವ ಈ ಕ್ರಮಕ್ಕಿಂತ ಕ್ಷೇಮವಾದದ್ದನ್ನು ನಾನು ಕಂಡಿಲ್ಲ. ರಕ್ತದೊತ್ತಡದ ವಿಷಯವೂ ಇದೆ: 270 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿ 2023ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಪ್ರಕಟಿಸಿದ ವಿಶ್ಲೇಷಣೆಯೊಂದು, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕುಳಿತ ಹಾಗೆ ನಿಲ್ಲುವಂಥ ಬಿಗಿಹಿಡಿತದ ವ್ಯಾಯಾಮಗಳು ವಿಶ್ರಾಂತಿಯಲ್ಲಿನ ರಕ್ತದೊತ್ತಡವನ್ನು ಇಳಿಸುವುದರಲ್ಲಿ ಉಳಿದ ಬಗೆಗಳಿಗಿಂತ ಮುಂದಿವೆ ಎಂದು ಕಂಡುಕೊಂಡಿದೆ. ಬಾರ್ ತರಗತಿಯನ್ನೇ ಅಳೆದು ಹೇಳಿದ ಮಾತಲ್ಲ ಅದು, ಆದರೆ ನಮ್ಮ ತರಗತಿಯ ಅರ್ಧಭಾಗ ಅದೇ ಜಾತಿಗೆ ಸೇರಿದ್ದು. ಆದರೆ ಹಾಗೆ ಬಿಗಿದು ಹಿಡಿಯುವಾಗ ಒತ್ತಡ ಆ ಕ್ಷಣಕ್ಕೆ ಏರುತ್ತದೆ, ಉಸಿರು ಕಟ್ಟಿದರೆ ಇನ್ನೂ ಹೆಚ್ಚು. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ತೊಡಗಬಾರದು.

ಕೊನೆಯದಾಗಿ ಒಂದು ದೂರು, ಅದು ನಮ್ಮ ಗಡಿನಾಡಿಗೇ ಸೇರಿದ್ದು. ನಾನು ಹೋದ ತರಗತಿಯೊಂದರಲ್ಲಿ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿ, ನಡುನಡುವೆ ಮಲಯಾಳದಲ್ಲಿ. ಕನ್ನಡ, ತುಳು, ಹವ್ಯಕ ಮಾತನಾಡುವ ನಾವು ಆರೇಳು ಮಂದಿ ಹಿಂದಿನ ಸಾಲಿನಲ್ಲಿ ಮುಂದಿನವರನ್ನು ನೋಡಿ ಮಾಡುತ್ತಿದ್ದೆವು. ‘ಟಕ್’ (ಒಳಕ್ಕೆ ಸೇರಿಸಿ) ಎಂಬ ಮಾತು ಬಂದಾಗಲೆಲ್ಲ ನಾನು ಸೊಂಟವನ್ನು ಪೂರ್ತಿ ಒಳಕ್ಕೆ ಮಡಚಿ, ಬೆನ್ನಿನ ಸಹಜ ಬಾಗನ್ನು ಅಳಿಸಿಬಿಡುತ್ತಿದ್ದೆ. ಯಾರೂ ತಿದ್ದಲಿಲ್ಲ. ಆರು ವಾರಕ್ಕೆ ಬೆನ್ನಿನ ಕೆಳಭಾಗ ಹಿಡಿದುಕೊಂಡು, ಕುಳಿತರೆ ಏಳಲಾಗದ ಸ್ಥಿತಿ ಬಂತು. ಫಿಸಿಯೋಥೆರಪಿ ಮಾಡಿದ ಹುಡುಗಿ, ಬಾಲದ ಎಲುಬನ್ನು ನೆಲದ ಕಡೆಗೆ ಇಳಿಬಿಟ್ಟು ಕೆಳಹೊಟ್ಟೆಯನ್ನು ಮೆಲ್ಲನೆ ಬಿಗಿ ಹಿಡಿಯಿರಿ, ಅಷ್ಟೇ, ಎಂದು ಅಚ್ಚ ಕನ್ನಡದಲ್ಲಿ ಒಂದು ವಾಕ್ಯ ಹೇಳಿದಳು. ಆ ಒಂದು ವಾಕ್ಯ ಮೊದಲ ದಿನವೇ ಸಿಕ್ಕಿದ್ದರೆ ನಾನು ಮೂರು ವಾರ ಮಲಗಬೇಕಾಗಿರಲಿಲ್ಲ. ಮಂಡಿ ಕಾಲ್ಬೆರಳುಗಳ ದಿಕ್ಕಿನಲ್ಲೇ ಬಾಗಬೇಕು, ಪಾದವನ್ನು ತಿರುಗಿಸುವುದು ಮಂಡಿಯಿಂದಲ್ಲ, ಸೊಂಟದ ಕೀಲಿನಿಂದ ಎಂಬಂಥ ಮಾತುಗಳು ಅರ್ಥವಾಗದೆ ಹೋದರೆ ಕೆಡುವುದು ದೇಹ. ಗಣಿತ, ವಿಜ್ಞಾನ ಕನ್ನಡದಲ್ಲಿ ಕಲಿಸಿದ ಶಾಲೆಗಳು ಇನ್ನೂ ಇರುವ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ವ್ಯಾಯಾಮವನ್ನು ಕನ್ನಡದಲ್ಲಿ ಹೇಳಿಕೊಡಲು ಜನ ಸಿಗುವುದಿಲ್ಲ ಎಂದರೆ ನಾನು ನಂಬಲಾರೆ. ಭರತನಾಟ್ಯ ಕಲಿಸುವ ಗುರುಗಳೇ ಎಷ್ಟೋ ಮಂದಿ ಇದ್ದಾರೆ. ದೇಹಕ್ಕೆ ಕನ್ನಡದಲ್ಲಿ ಸೂಚನೆ ಕೊಡುವುದು ಅವರ ನಿತ್ಯದ ಕೆಲಸ.

ಈಗ ನಾನು ವಾರಕ್ಕೆ ಎರಡು ದಿನ ತರಗತಿಗೆ ಹೋಗುತ್ತೇನೆ, ನಾಲ್ಕು ದಿನ ಬೆಳಿಗ್ಗೆ ನಲವತ್ತು ನಿಮಿಷ ಗುಡ್ಡದ ದಾರಿಯಲ್ಲಿ ಬಿರುಸಾಗಿ ನಡೆಯುತ್ತೇನೆ, ಐದು ಕಿಲೋ ಅಕ್ಕಿಯ ಚೀಲದಿಂದ ಶುರುಮಾಡಿ ಈಗ ಹತ್ತು ಕಿಲೋದ ಚೀಲವನ್ನು ನೆಲದಿಂದ ಎತ್ತಿ ಇಳಿಸುವ ಅಭ್ಯಾಸ ಮಾಡುತ್ತಿದ್ದೇನೆ. ತರಗತಿ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ: ಕರಪತ್ರದ ಮುಂದಿನ ಆವೃತ್ತಿಯಲ್ಲಿ, ಈ ತರಗತಿಯ ಜತೆಗೆ ನಡಿಗೆಯೂ ಭಾರ ಎತ್ತುವ ಅಭ್ಯಾಸವೂ ಬೇಕು ಎಂಬ ಒಂದು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿ. ಕಳೆದ ವಾರ ಪತ್ರ ಬರೆದ ಓದುಗರು ಒಪ್ಪುವುದಾದರೆ, ಯಾವುದೇ ಶನಿವಾರ ನಮ್ಮ ಮನೆಯ ಜಗಲಿಗೆ ಬಂದು ದಳಿ ಹಿಡಿದು ನಲವತ್ತರ ಎಣಿಕೆ ಮುಗಿಸಿ ನೋಡಬಹುದು.

ಇತಿ,
ನಿವೃತ್ತ ಶಿಕ್ಷಕಿ, ಬದಿಯಡ್ಕ, ಕಾಸರಗೋಡು ಜಿಲ್ಲೆ