ಮಾತು ಬರುವ ಮೊದಲೇ ರಂಗವೇರಿದವಳು

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ತಿರುಗಾಟದ ತಂಡ ಸೇರಿ ಮೂರು ತಿಂಗಳಾದರೂ ಮಾತಿರುವ ಪಾತ್ರ ಒಂದೂ ಸಿಕ್ಕಿಲ್ಲ, ಪರಿಕರ ಜೋಡಿಸುವುದರಲ್ಲಿ, ಉಡುಪುಗಳಿಗೆ ಇಸ್ತ್ರಿ ಹಾಕುವುದರಲ್ಲಿಯೇ ದಿನ ಕಳೆಯುತ್ತಿದೆ ಎಂದು ನೀನು ಮೊನ್ನೆ ಫೋನಿನಲ್ಲಿ ಹೇಳಿದಾಗಿನಿಂದ ಇಂಗ್ಲಿಷ್ ನಟಿ ಫೆಲಿಸಿಟಿ ಕೆಂಡಲ್ ನನ್ನ ಮನಸ್ಸಿನಲ್ಲಿದ್ದಾರೆ. ನಮ್ಮಲ್ಲಿ ಹಲವರಿಗೆ ಅವರು ಹಿಂದಿ ನಟ ಶಶಿ ಕಪೂರರ ನಾದಿನಿ, ಶಶಿಯವರ ಪತ್ನಿ ಜೆನ್ನಿಫರ್ ಅವರ ತಂಗಿ ಎಂದಷ್ಟೇ ಗೊತ್ತು. ಅಷ್ಟಕ್ಕೇ ನಿಲ್ಲಿಸುವುದು ಅವರಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಅವರು ಹುಟ್ಟಿದ್ದು 1946ರಲ್ಲಿ, ಇಂಗ್ಲೆಂಡಿನ ಓಲ್ಟನ್‌ನಲ್ಲಿ. ತಂದೆ ಜೆಫ್ರಿ, ತಾಯಿ ಲಾರಾ ಇಬ್ಬರೂ ನಟರು. ಷೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಗಂಧರ್ವರ ರಾಜ-ರಾಣಿಯರು ಒಬ್ಬ ಪುಟ್ಟ ಹುಡುಗನಿಗಾಗಿ ಜಗಳವಾಡುತ್ತಾರಲ್ಲ, ಆ ಹುಡುಗನಾಗಿ ಒಂಬತ್ತು ತಿಂಗಳ ಫೆಲಿಸಿಟಿಯನ್ನು ರಂಗದ ಮೇಲೆ ಎತ್ತಿಕೊಂಡು ಬಂದಿದ್ದರು. ನಿನ್ನನ್ನು ಆ ವಯಸ್ಸಿನಲ್ಲಿ ಸೊಂಟದ ಮೇಲೆ ಕೂರಿಸಿಕೊಂಡು ಜಾತ್ರೆಯ ನಾಟಕ ನೋಡಿದವಳು ನಾನು. ದೀಪ ಹತ್ತಿದೊಡನೆ ನೀನು ಅಳು ನಿಲ್ಲಿಸಿ ಕಣ್ಣರಳಿಸಿ ನೋಡುತ್ತಿದ್ದೆ.

ಮುಂದೆ ಆ ಕುಟುಂಬ ‘ಷೇಕ್ಸ್‌ಪಿಯರಾನಾ’ ಎಂಬ ತಂಡ ಕಟ್ಟಿಕೊಂಡು ಭಾರತದ ಉದ್ದಗಲಕ್ಕೂ ಸುತ್ತಿತು. ಇಂದು ಅರಮನೆಯಲ್ಲಿ ರಾಜರ ಎದುರು ಆಡಿದ ನಾಟಕವನ್ನು ನಾಳೆ ಶಾಲೆಯ ಮಕ್ಕಳ ಎದುರು ಆಡಬೇಕಾಗುತ್ತಿತ್ತು. ಈ ಅಲೆದಾಟದಲ್ಲಿ ಫೆಲಿಸಿಟಿ ಓದಿದ್ದು ಆರು ಕಾನ್ವೆಂಟುಗಳಲ್ಲಿ. ಹದಿನೇಳನೆಯ ವಯಸ್ಸಿಗೆ ಕಲ್ಕತ್ತೆಯಲ್ಲಿ ಟೈಫಾಯಿಡ್ ಬಂದು ಮಲಗಿದರು. ನಮ್ಮ ಕಂಪನಿ ನಾಟಕಗಳ ಮಕ್ಕಳೂ ಹೀಗೆಯೇ ಪರದೆಯ ಹಿಂದೆ ಬೆಳೆದವರಲ್ಲವೇ?

1965ರ ‘ಷೇಕ್ಸ್‌ಪಿಯರ್ ವಾಲಾ’ ಚಿತ್ರವನ್ನು ನೀನು ಖಂಡಿತ ನೋಡಬೇಕು. ಜೇಮ್ಸ್ ಐವರಿ ನಿರ್ದೇಶಿಸಿ, ಸತ್ಯಜಿತ್ ರೇ ಸಂಗೀತ ನೀಡಿದ ಆ ಕಪ್ಪು-ಬಿಳುಪು ಚಿತ್ರದಲ್ಲಿ, ಪ್ರೇಕ್ಷಕರನ್ನು ಕಳೆದುಕೊಳ್ಳುತ್ತಿರುವ ಅಲೆಮಾರಿ ತಂಡವೊಂದರ ಯಜಮಾನ ದಂಪತಿಯಾಗಿ ಫೆಲಿಸಿಟಿಯ ಅಪ್ಪ ಅಮ್ಮನೇ ನಟಿಸಿದ್ದಾರೆ, ಮಗಳು ಲಿಜ್ಜಿಯಾಗಿ ಆಕೆಯೇ ಇದ್ದಾರೆ. ಕೊನೆಯಲ್ಲಿ ತಂದೆ ತಾಯಿ ಇಲ್ಲಿಯೇ ಉಳಿದು, ಮಗಳನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳುಹಿಸುತ್ತಾರೆ. ನಿಜ ಜೀವನದಲ್ಲಿಯೂ ಫೆಲಿಸಿಟಿ ಹೊರಟೇ ಹೋದರು. ಕ್ಯಾಮೆರಾದ ಎದುರು ಮಗಳನ್ನು ಒಮ್ಮೆ ಬೀಳ್ಕೊಟ್ಟ ಲಾರಾ, ನಿಜವಾಗಿ ಕಳುಹಿಸುವಾಗ ಹೇಗೆ ತಡೆದುಕೊಂಡರೋ! ನಿನ್ನ ಬಸ್ಸು ತಿರುವು ದಾಟುವವರೆಗೂ ನಿಂತಿದ್ದ ನನಗೆ ಆ ದೃಶ್ಯವನ್ನು ಈಗ ಮತ್ತೆ ನೋಡುವ ಧೈರ್ಯವಿಲ್ಲ.

ಲಂಡನ್ನಿನ ರಂಗಭೂಮಿಗೆ ಅವರು ಮೊದಲು ಕಾಲಿಟ್ಟದ್ದು 1967ರಲ್ಲಿ. ಮನೆಮಾತಾದದ್ದು ಮಾತ್ರ 1975ರಲ್ಲಿ ಆರಂಭವಾದ ಬಿಬಿಸಿಯ ‘ದಿ ಗುಡ್ ಲೈಫ್’ ಹಾಸ್ಯಧಾರಾವಾಹಿಯಿಂದ. ಪೇಟೆಯ ಮನೆಯ ಹಿತ್ತಿಲಿನಲ್ಲಿ ತರಕಾರಿ ಬೆಳೆದು, ಹಂದಿ-ಕೋಳಿ ಸಾಕಿ ಬದುಕಲು ಹೊರಡುವ ದಂಪತಿಯಲ್ಲಿ ಹೆಂಡತಿ ಬಾರ್ಬರಾಳ ಪಾತ್ರ ಅವರದು. ನಡುವಿನ ಆ ಎಂಟು ವರ್ಷಗಳನ್ನು ಲೆಕ್ಕ ಹಾಕು, ಪುಟ್ಟಿ. ಅಷ್ಟು ಹೆಸರು ಬಂದ ಮೇಲೂ ಅವರು ರಂಗವನ್ನು ಬಿಡಲಿಲ್ಲ: 1979ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನ ‘ಅಮೇಡಿಯಸ್’ ನಾಟಕದಲ್ಲಿ ಸಂಗೀತಗಾರ ಮೊಜಾರ್ಟನ ಹೆಂಡತಿಯಾದರು. 1995ರಲ್ಲಿ ನಾಟಕಕಾರ ಟಾಮ್ ಸ್ಟಾಪರ್ಡ್ ಅವರ ‘ಇಂಡಿಯನ್ ಇಂಕ್’ನಲ್ಲಿ, 1930ರ ಭಾರತಕ್ಕೆ ಬರುವ ಇಂಗ್ಲಿಷ್ ಕವಯಿತ್ರಿಯಾದರು. ತಾನು ಬೆಳೆದ ನೆಲಕ್ಕೆ ರಂಗದ ಮೂಲಕ ಮರಳಿದ ಆ ಪಾತ್ರ ನನಗೆ ಎಲ್ಲಕ್ಕಿಂತ ಪ್ರಿಯ.

ನಿಮ್ಮ ತಂಡ ನಮ್ಮ ಕಡೆಗೆ ಬಂದಾಗ ತಪ್ಪದೆ ತಿಳಿಸು. ನೀನು ಇಸ್ತ್ರಿ ಹಾಕಿದ ಉಡುಪುಗಳನ್ನು ನೋಡಲೆಂದೇ ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ.

ಇಂತು,
ನಿನ್ನ ಅಮ್ಮ