ಅಪ್ಪನ ಇಸಿಜಿ 10 ಸೆಕೆಂಡಿನದು

ಇಂಗ್ಲೆಂಡ್
ಭಾನುವಾರ, ಬೆಳಿಗ್ಗೆ 9 ಗಂಟೆ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಕ್ಷೇಮ. ನೀನು ಬರೆದ ನಾಲ್ಕು ಪುಟದ ಫೋಟೋ ತೆಗೆದು ಪುಟ್ಟ ನಿನ್ನೆ ರಾತ್ರಿಯೇ ಕಳಿಸಿದ್ದಾನೆ. ನಾನು ಓದಿದ್ದು ಈಗ, ನೈಟ್ ಡ್ಯೂಟಿ ಮುಗಿಸಿ ಬಸ್ ಹತ್ತಿದ ಮೇಲೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ನಾನು ಇಳಿಯುವ ಸ್ಟಾಪ್ ದಾಟಿಹೋಗಿತ್ತು. ಫೋನ್ ಮಾಡಿದಾಗಲೆಲ್ಲ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಅದಕ್ಕೇ ಹೇಳಲಾಗಲಿಲ್ಲ ಅಂದಿದ್ದೀಯ. ನನಗೆ ಅರ್ಥವಾಗುತ್ತದೆ. ಈಗಲಾದರೂ ಬರೆದೆಯಲ್ಲ, ಅಷ್ಟು ಸಾಕು.

ಅಪ್ಪನಿಗೆ ಮೆಟ್ಟಿಲು ಹತ್ತುವಾಗ ಎದೆಯ ನಡುವೆ ಉರಿ, ಎಡ ದವಡೆ ಹಿಡಿದ ಹಾಗೆ, ಅಂಗಿ ಒದ್ದೆಯಾಗುವಷ್ಟು ಬೆವರು. ಕಾಲು ಗಂಟೆ ಕೂತ ಮೇಲೆ ಇಳಿಯಿತು. ಮತ್ತೆ ಶುಕ್ರವಾರ ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅದೇ ನೋವು. ಅಮ್ಮಾ, ಇದನ್ನು ಗ್ಯಾಸ್ಟ್ರಿಕ್ ಅಂತ ನಾನು ಒಪ್ಪುವುದಿಲ್ಲ. ಮೆಟ್ಟಿಲು ಹತ್ತಿದರೆ ಮಾತ್ರ ಬರುತ್ತಿದ್ದ ನೋವು ಈಗ ಮನೆಯೊಳಗೆ ಓಡಾಡಿದರೂ ಬರುತ್ತಿದೆ. ನನಗೆ ಹೆದರಿಕೆ ಆಗುತ್ತಿರುವುದೇ ಅದಕ್ಕೆ. ಗ್ಯಾಸಿನ ಮಾತ್ರೆ ನುಂಗಿದ ಮೇಲೆ ಕಡಿಮೆಯಾಯಿತು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಕೂತು ವಿಶ್ರಾಂತಿ ತೆಗೆದುಕೊಂಡದ್ದಕ್ಕೆ ಕಡಿಮೆಯಾಗಿದೆ, ಹೆಸರು ಮಾತ್ರೆಗೆ ಬಂದಿದೆ.

ಆ ಇಸಿಜಿ ಕಾಗದದ ವಿಷಯ ಅಪ್ಪನಿಗೇ ಹೇಳಬೇಕು, ಇಷ್ಟು ಭಾಗ ಅವರಿಗೆ ಗಟ್ಟಿಯಾಗಿ ಓದಿ ಹೇಳು. ಅಪ್ಪಾ, ನೀವು ಬಂದವರಿಗೆಲ್ಲ 'ನಾರ್ಮಲ್' ಅಂತ ತೋರಿಸುತ್ತಿರುವ ಆ ಕಾಗದದಲ್ಲಿ ಇರುವುದು ನಿಮ್ಮ ಹೃದಯದ 10 ಸೆಕೆಂಡು ಮಾತ್ರ. ಅದನ್ನು ತೆಗೆದಾಗ ನಿಮಗೆ ನೋವೇ ಇರಲಿಲ್ಲ. ನೋವು ಇಲ್ಲದಾಗ ತೆಗೆದ ಇಸಿಜಿ ಸರಿಯಾಗಿಯೇ ಇರಬಹುದು, ಅದರಿಂದ ರಕ್ತನಾಳ ಚೆನ್ನಾಗಿದೆ ಅಂತ ಆಗುವುದಿಲ್ಲ. ಅದರ ಮೇಲೆ ನಿಮಗೆ ಇಷ್ಟು ವರ್ಷದ ಶುಗರ್ ಇದೆ. ಶುಗರ್ ಇರುವವರಿಗೆ ನರಗಳು ಮಂದವಾಗಿರುವುದರಿಂದ ಹೃದಯದ ನೋವು ನೋವಿನ ಹಾಗೆ ಬರದೆ ಬರೀ ಆಯಾಸವಾಗಿ, ಉಬ್ಬಸವಾಗಿ, ಹೊಟ್ಟೆ ಉರಿಯಾಗಿ ಬರುವುದು ಉಂಟು. ಇದು ನಾನು ಪುಸ್ತಕದಲ್ಲಿ ಓದಿದ್ದಷ್ಟೇ ಅಲ್ಲ, ವಾರಕ್ಕೆ ಒಬ್ಬರನ್ನಾದರೂ ನೋಡುತ್ತೇನೆ.

ಮೊನ್ನೆ ರಾತ್ರಿ ನಮ್ಮ ಎಮರ್ಜೆನ್ಸಿಗೆ ನಿಮ್ಮ ವಯಸ್ಸಿನವರೇ ಒಬ್ಬರು ಬಂದಿದ್ದರು. ಹೆಂಡತಿ ಬಲವಂತವಾಗಿ ಕರೆದುಕೊಂಡು ಬಂದಿದ್ದರು. ಅವರೂ ಅಜೀರ್ಣ ಅಂದರು. ಈ ದೇಶದ ಜನಕ್ಕೆ ಒಂದು ಅಭ್ಯಾಸ, ಎಷ್ಟೇ ಕಷ್ಟವಿರಲಿ, ಮೊದಲು ಡಾಕ್ಟರ ಹತ್ತಿರ ಕ್ಷಮೆ ಕೇಳುತ್ತಾರೆ, ಆಮೇಲೆ 'ಅಷ್ಟೇನೂ ಇಲ್ಲ' ಅನ್ನುತ್ತಾರೆ. ಬಂದ ಹೊಸದರಲ್ಲಿ ನಾನು ಅದನ್ನು ನಂಬುತ್ತಿದ್ದೆ. ಈಗ ವಯಸ್ಸಾದವರು 'ಅಷ್ಟೇನೂ ಇಲ್ಲ' ಅಂದರೆ ಕುರ್ಚಿ ಎಳೆದುಕೊಂಡು ಹತ್ತಿರ ಕೂರುತ್ತೇನೆ. ಎದೆ ನೋವು ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ನಮ್ಮ ಕೆಲಸದ ನಿಯಮ. ಅವರ ಮೊದಲ ಇಸಿಜಿ ನಿಮ್ಮದರ ಹಾಗೆಯೇ ಇತ್ತು. ಬೆವರು ಮಾತ್ರ ನಿಂತಿರಲಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಇನ್ನೊಂದು ತೆಗೆದೆ. ಮೂರು ಕಡೆ ಗೆರೆ ಮೇಲೆದ್ದಿತ್ತು, ಅದು ಹಾರ್ಟ್ ಅಟ್ಯಾಕಿನ ಗುರುತು. ಅಲ್ಲಿಂದ ನೇರ ಹೃದಯದ ರಕ್ತನಾಳ ತೆರೆಯುವ ಕ್ಯಾಥ್ ಲ್ಯಾಬಿಗೆ ಹೋದರು, ಹೃದಯದ ಬಲಗಡೆಯ ರಕ್ತನಾಳ ಪೂರ್ತಿ ಮುಚ್ಚಿತ್ತು, ಅದನ್ನು ತೆರೆದಿಡುವ ಸ್ಟೆಂಟ್ ಹಾಕಿದರು. ಬೆಳಿಗ್ಗೆ ಹೋಗಿ ನೋಡಿದರೆ ಎದ್ದು ಕೂತು ಮತ್ತೆ ಕ್ಷಮೆ ಕೇಳಿದರು. ಆ ಹೆಂಡತಿ ನನ್ನ ಕೈ ಹಿಡಿದುಕೊಂಡಾಗ ನನಗೆ ನೀನೇ ಕಣ್ಣ ಮುಂದೆ ಬಂದೆ ಅಮ್ಮಾ. ಆಗ ನಿನ್ನ ಪತ್ರದ ವಿಷಯ ನನಗೆ ಗೊತ್ತೇ ಇರಲಿಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ. ಹಾಸಿಗೆ ಖಾಲಿ ಇಲ್ಲದೆ ವಯಸ್ಸಾದವರು ಕಾರಿಡಾರಿನಲ್ಲಿ ಟ್ರಾಲಿಯ ಮೇಲೆ ಗಂಟೆಗಟ್ಟಲೆ ಮಲಗಿರುವುದನ್ನು ನೋಡಿ ಅತ್ತಿದ್ದೂ ಇದೆ. ಆದರೆ ಒಂದು ವಿಷಯ ಹೇಳಲೇಬೇಕು, ಪುಟ್ಟನಿಗೆ ಇಷ್ಟವಾಗುತ್ತದೆ. ಹಳೆಯ ಕೆಂಪು ಟೆಲಿಫೋನ್ ಪೆಟ್ಟಿಗೆಗಳು ಇವೆಯಲ್ಲ, ಹಳ್ಳಿಗಳಲ್ಲಿ ಎಷ್ಟೋ ಪೆಟ್ಟಿಗೆಗಳೊಳಗೆ ಈಗ ಫೋನ್ ಇಲ್ಲ, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಯಂತ್ರ ಇದೆ! ಯಾರಾದರೂ ಕುಸಿದು ಬಿದ್ದರೆ ಇಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಬೇಕು, ಆ ಕಡೆಯವರು ಹತ್ತಿರದ ಪೆಟ್ಟಿಗೆ ಎಲ್ಲಿದೆ ಅಂತ ಹೇಳುತ್ತಾರೆ. ತೆರೆದರೆ ಯಂತ್ರವೇ ಮಾತಾಡುತ್ತಾ ಏನು ಮಾಡಬೇಕು ಅಂತ ಹೇಳಿಕೊಡುತ್ತದೆ, ಶಾಕ್ ಬೇಕೋ ಬೇಡವೋ ಅದೇ ನಿರ್ಧರಿಸುತ್ತದೆ. ನನಗೆ ಈ ಊರಿನಲ್ಲಿ ತುಂಬ ಇಷ್ಟವಾದ ವಸ್ತು ಅದೇ.

ನಮ್ಮಲ್ಲೂ ಕಡಿಮೆಯಿಲ್ಲ, ಇಲ್ಲಿನವರಿಗೆ ನಾನು ಹೇಳುತ್ತಲೇ ಇರುತ್ತೇನೆ. ಅಪ್ಪು ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ತಜ್ಞರಿಗೆ ಕಳಿಸುತ್ತಾರೆ, ಹಾರ್ಟ್ ಅಟ್ಯಾಕ್ ಅಂತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. 2021ರಲ್ಲಿ ಅಪ್ಪು 46ಕ್ಕೇ ಹೋದ ದಿನ ಅಪ್ಪ ಟಿವಿ ಮುಂದಿನಿಂದ ಏಳಲೇ ಇಲ್ಲ ಅಂತ ನೀನೇ ಹೇಳಿದ್ದೆ. ಅದನ್ನು ಅವರಿಗೆ ನೆನಪಿಸು.

ಈಗ ಪುಟ್ಟನ ಜೊತೆ ಮಾತಾಡಿದ್ದೇನೆ. ಅಲ್ಲಿ ಒಂದೂವರೆ ಆಗಿದೆ, ಅವನು ಕಾರು ತರಲು ಹೋಗಿದ್ದಾನೆ. ಭಾನುವಾರ, ಡಾಕ್ಟರು ಇರುವುದಿಲ್ಲ, ನಾಳೆ ನೋಡೋಣ ಅಂತ ಅಪ್ಪ ಹೇಳುತ್ತಾರೆ. ಎಮರ್ಜೆನ್ಸಿಗೆ ಭಾನುವಾರ ಇಲ್ಲ ಅಪ್ಪಾ, ನಿಮ್ಮ ಮಗಳೇ ಇದ್ದಾಳಲ್ಲ ಅದಕ್ಕೆ ಸಾಕ್ಷಿ. ಇನ್ನೊಂದು ಇಸಿಜಿ, ಟ್ರೋಪೋನಿನ್ ರಕ್ತಪರೀಕ್ಷೆ, ಎಕೋ ಅನ್ನುವ ಹೃದಯದ ಸ್ಕ್ಯಾನ್ ಆಗಬೇಕು. ಹೃದಯದ ಸ್ನಾಯುವಿಗೆ ಪೆಟ್ಟಾಗಿದ್ದರೆ ಟ್ರೋಪೋನಿನ್ ಕೆಲವು ದಿನ ಏರಿಯೇ ಇರುತ್ತದೆ, ಶುಕ್ರವಾರದ್ದು ಇವತ್ತೂ ಗೊತ್ತಾಗಬಹುದು. ಅದೂ ಸರಿ ಇದೆ ಅಂದರೂ ಹೃದ್ರೋಗ ತಜ್ಞರು ನೋಡದೆ ಮನೆಗೆ ಬರಬೇಡಿ. ರಕ್ತನಾಳ ಎಲ್ಲಿ ಕಟ್ಟಿದೆ ಅಂತ ನೋಡುವ ಆಂಜಿಯೋಗ್ರಾಮ್ ಬೇಕು ಅಂದರೆ ಹೂಂ ಅನ್ನಿ, ಜಯದೇವಕ್ಕೆ ಕಳಿಸಿದರೆ ಹೊರಡಿ. ದುಡ್ಡಿನ ಮಾತು ಎತ್ತಲೇಬೇಡಿ, ಅದು ನನ್ನ ಜವಾಬ್ದಾರಿ.

ದಾರಿಯಲ್ಲೋ ಮನೆಯಲ್ಲೋ ನೋವು ಮತ್ತೆ ಬಂದರೆ ಅಲ್ಲೇ ಕೂರಿಸಿ 108ಕ್ಕೆ ಫೋನ್ ಮಾಡಬೇಕು. ನಡೆಸಬಾರದು, ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋಗಲೇಬಾರದು. ಅಪ್ಪನಿಗೆ ಆಸ್ಪಿರಿನ್ ಅಲರ್ಜಿ ಇಲ್ಲ, ಹೊಟ್ಟೆಯ ಹುಣ್ಣೂ ಇಲ್ಲ, ಆದ್ದರಿಂದ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಲಿ. ಹಾಗೇ ನುಂಗಿದರೆ ಕೆಲಸ ತಡವಾಗುತ್ತದೆ, ಅಗಿಯಲೇಬೇಕು.

ಗಾಬರಿ ಆಗಬೇಡ ಅಮ್ಮಾ. ಸಮಯಕ್ಕೆ ಹೋದರೆ ಇದು ಚಿಕಿತ್ಸೆ ಇರುವ ಕಾಯಿಲೆ, ಖಂಡಿತ ಸರಿಹೋಗುತ್ತದೆ. ನಾನೂ ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ನಿದ್ದೆಯೂ ಚೆನ್ನಾಗಿ ಬರುತ್ತದೆ, ರಾತ್ರಿ ಬಸ್ಸಿನಲ್ಲಿ ಏನೂ ಭಯವಿಲ್ಲ, ಚಳಿಗೆ ದಪ್ಪ ಕೋಟು ಇದೆ. ಸಂಬಂಧದ ವಿಷಯ ಚಿಕ್ಕಮ್ಮನಿಗೆ ಆಮೇಲೆ ಹೇಳೋಣ, ಈಗ ಬೇಡ. ರಜಕ್ಕೆ ಇವತ್ತೇ ಬರೆದುಕೊಡುತ್ತೇನೆ.

ಪುಟ್ಟ ಫೋನ್ ಮಾಡುತ್ತಿದ್ದಾನೆ, ಕಾರು ಬಂತು ಅಂತ ಕಾಣುತ್ತದೆ. ಅಪ್ಪನ ಶುಗರ್ ಮಾತ್ರೆಗಳ ಚೀಟಿ, ಹಳೆಯ ಇಸಿಜಿ ಎರಡನ್ನೂ ಮರೆಯದೆ ತೆಗೆದುಕೋ. ಮಲಗುವುದಿಲ್ಲ, ಫೋನ್ ಕೈಯಲ್ಲೇ ಇರುತ್ತದೆ.

ನಿನ್ನ,
ಚಿನ್ನು